ಅಮಾವಾಸ್ಯೆ ಬಿಟ್ಟು ಕರೆದ ಸಭೆ

ನಮ್ಮ ಕಾಲನಿಯ ಸಂಘದ ಸಭೆ ಆಗುವುದು ಅಮಾವಾಸ್ಯೆಯ ದಿನ. ಹೊರಗಿನವರು ಇದನ್ನು ಕೇಳಿದರೆ ಮೂಗು ಮುರಿಯುತ್ತಾರೆ. ನಾಲ್ಕು ಮಂದಿ ಕೂಡಿ ಮಾಡುವ ಕೆಲಸಕ್ಕೆ ಅಮಾವಾಸ್ಯೆಯೇ ಸಿಕ್ಕಿತೇ ಎನ್ನುತ್ತಾರೆ. ಅವರಿಗೇನು ಗೊತ್ತು! ಬನಹಟ್ಟಿಯಲ್ಲಿ ನಮ್ಮ ಮಗ್ಗಗಳಿಗೆ ಸೂಟಿ ಇರುವುದೇ ಅಮಾವಾಸ್ಯೆಗೆ. ಉಳಿದ ದಿನ ಕರೆಂಟು ಇದ್ದಷ್ಟು ಹೊತ್ತೂ ನಮ್ಮ ಓಣಿಯ ಮನೆಮನೆಯಲ್ಲಿ ಪಾವರ್‌ಲೂಮು ಖಟಖಟ ಹೊಡೆಯುತ್ತಲೇ ಇರುತ್ತದೆ. ಆ ಸದ್ದಿನಲ್ಲಿ ಸಭೆ ಕರೆದು ಯಾರು ಯಾರಿಗೆ ಏನು ಹೇಳಬೇಕು? ಮನೆಯೊಳಗೂ ನಾವು ಮಾತಾಡುವುದು ತುಟಿ ನೋಡಿ, ಕೈ ನೋಡಿ. ಬಾಗಿಲ ಕಡೆ ಗದ್ದ ಎತ್ತಿದರೆ ಯಾರೋ ಬಂದಿದ್ದಾರೆ ಎಂದು ಅರ್ಥ. ಗಂಡ ಹೆಂಡಿರ ಜಗಳವನ್ನೂ ಹಾಗೆಯೇ ಆಡಬಹುದು. ನಾನು ಬೇಕಾದಷ್ಟು ಆಡಿದ್ದೇನೆ.

ಜಗಳದ ಮಾತು ಬಂದಿದ್ದರಿಂದ ನಮ್ಮ ಮನೆಯವರ ವಿಷಯ ಹೇಳಿಬಿಡುತ್ತೇನೆ. ಅವರು ಸಂಘದ ಅಧ್ಯಕ್ಷರು. ಬೇರೆ ಎಲ್ಲರೂ ಒಲ್ಲೆ ಅಂದಾಗ ಇವರಿಗೆ ಒಲ್ಲೆ ಅನ್ನಲು ನಾಚಿಕೆಯಾಯಿತು, ಅಷ್ಟೇ. ಮನೆ ಇರುವುದು ಮಾತ್ರ ನನ್ನ ಹೆಸರಿನಲ್ಲಿ. ಕಾಲನಿ ಕಟ್ಟಿದಾಗ ಎಲ್ಲ ಮನೆಗಳನ್ನೂ ಹೆಂಗಸರ ಹೆಸರಿಗೇ ಕೊಟ್ಟಿದ್ದರು, ಸರಕಾರದ ಯೋಜನೆ ಹಾಗಿತ್ತು. ಆದರೂ ಸಭೆಗೆ ಹೋಗುವವರು ಗಂಡಸರು, ಕೈ ಎತ್ತುವವರೂ ಅವರೇ. ನಾವು ಕೇಟಲಿಯಲ್ಲಿ ಚಹಾ ತುಂಬಿ ಕಳಿಸುತ್ತಿದ್ದೆವು. ಇದರಲ್ಲೇನೋ ತಪ್ಪಿದೆ ಎಂದು ನಮಗೆ ಅನಿಸಿಯೂ ಇರಲಿಲ್ಲ.

ಹಿಂದಿನ ಕೋಣೆಯಲ್ಲಿ ನನ್ನ ಎರಡು ಮಗ್ಗಗಳಿವೆ. ಸಾಹುಕಾರರ ಹತ್ತಿರ ನೂಲು ತರುವುದು, ನೇಯ್ದ ಸೀರೆ ಒಯ್ದು ಕೊಡುವುದು ನಮ್ಮ ಮನೆಯವರ ಕೆಲಸ. ನೇಯುವುದು ನನ್ನ ಕೆಲಸ. ಅತ್ತೆ ಕಟ್ಟೆಯ ಮೇಲೆ ಕುಳಿತು ಲಾಳಿಯೊಳಗೆ ಕೂಡುವ ನೂಲಿನ ಕಂಡಿಕೆ ಸುತ್ತುತ್ತಾರೆ. ನಳ ಬಂದರೆ ಮಗ್ಗ ನಿಲ್ಲಿಸಿ ನೀರು ತುಂಬುತ್ತೇನೆ, ಬಂದು ಮತ್ತೆ ಚಾಲೂ ಮಾಡುತ್ತೇನೆ. ಬೇಳೆ ಒಲೆಯ ಮೇಲೆ, ಕಣ್ಣು ಸೀರೆಯ ಅಂಚಿನ ಮೇಲೆ. ಮಗಳು ಹುಟ್ಟಿದಾಗ ಬಾಣಂತನ ಮುಗಿಸಿ ಮೊದಲು ಮುಟ್ಟಿದ್ದು ಮಗ್ಗದ ಹಿಡಿಕೆಯನ್ನು. ನನ್ನ ಮನೆಯಲ್ಲಿ ನನ್ನ ಮಾತಿಗೆ ಒಂದು ತೂಕ ಇದ್ದರೆ ಅದು ಆ ಎರಡು ಮಗ್ಗಗಳಿಂದ ಬಂದದ್ದು, ಗಂಡನಿಂದಲೂ ಅಲ್ಲ, ತವರಿನಿಂದಲೂ ಅಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮನೆಗಳು ಹಳೆಯವಾಗಿದ್ದು ಖರೆ. ಸಾಲು ಮನೆಗಳು, ಎರಡೆರಡು ಮನೆಗೆ ಒಂದೇ ಗೋಡೆ. ಮಳೆಗಾಲದಲ್ಲಿ ಸ್ಲ್ಯಾಬು ಸೋರುತ್ತದೆ, ಗೋಡೆಗಳಲ್ಲಿ ಬೆರಳು ಹೋಗುವಂಥ ಬಿರುಕು. ನಮ್ಮ ಗೋಡೆಗೆ ಹತ್ತಿದ ಮನೆಯಲ್ಲಿ ಒಂದು ದಿನ ಮಧ್ಯಾಹ್ನ ಸ್ಲ್ಯಾಬಿನ ಸಿಮೆಂಟಿನ ಗಿಲಾವು ಹೆಂಟೆಯಾಗಿ ಕಳಚಿ ತೊಟ್ಟಿಲ ಮೇಲೆಯೇ ಬಿತ್ತು. ಆ ಮನೆಯ ಸೊಸೆ ಆಗಷ್ಟೇ ಕೂಸನ್ನು ಹಾಲು ಕುಡಿಸಲು ಎತ್ತಿಕೊಂಡಿದ್ದಳು. ಓಣಿಯೆಲ್ಲ ಹೋಗಿ ಆ ತೊಟ್ಟಿಲು ನೋಡಿ ಬಂತು. ಆಕೆ ಅಳಲಿಲ್ಲ. ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗು ಎಂದರೆ ಒಲ್ಲೆ ಅನ್ನುತ್ತಿದ್ದಳು. ಆಕೆ ಬೀಳಗಿ ಕಡೆಯ ಹುಡುಗಿ. ತವರಿನವರು ಹೊಲಮನಿ ಮಾಡಿಕೊಂಡವರು, ನೇಕಾರಿಕೆ ಅರಿಯದವರು. ಗಂಡ ಮುಧೋಳದ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಆ ಮನೆಯಲ್ಲಿ ಮಗ್ಗವೂ ಇರಲಿಲ್ಲ.

ಅದಾದ ಮೇಲೆ ಹೊಸ ಮನೆಯ ಮಾತು ಬೆಂಕಿ ಹತ್ತಿದ ಹಾಗೆ ಹಬ್ಬಿತು. ಜಮಖಂಡಿಯ ಒಬ್ಬ ಬಿಲ್ಡರ್ ಬಂದ. ಒಳ್ಳೆಯ ಮನುಷ್ಯನೇ, ಸುಳ್ಳು ಹೇಳಬಾರದು. ದೊಡ್ಡದೊಂದು ಬಣ್ಣದ ಚಿತ್ರ ತಂದು ಸಮುದಾಯ ಭವನದ ಗೋಡೆಗೆ ತೂಗುಹಾಕಿದ. ಹಳೆಯ ಮನೆಗಳನ್ನೆಲ್ಲ ಕೆಡವಿ ಮೂರು ಅಂತಸ್ತಿನ ಕಟ್ಟಡಗಳು. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೇಲೆ ಮನೆಗಳು, ನಡುವೆ ಹುಲ್ಲು ಹಚ್ಚಿದ ಅಂಗಳ, ಮುದುಕರಿಗೆ ಲಿಫ್ಟು. ಚಿತ್ರದಲ್ಲಿ ಒಬ್ಬ ಹೆಂಗಸು ನಾಯಿ ಹಿಡಿದುಕೊಂಡು ಅಡ್ಡಾಡುತ್ತಿದ್ದಳು. ನಮ್ಮ ಗಂಡಸರು ಕಟ್ಟಡ ಬಿಟ್ಟು, ಅದು ಮುಧೋಳ ನಾಯಿ ಅಲ್ಲ ಬಿಡು ಎಂದು ಅರ್ಧ ತಾಸು ಚರ್ಚೆ ಮಾಡಿದರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮಂದಿ ನಮ್ಮವರು. ಆ ಅಮಾವಾಸ್ಯೆ ಎಲ್ಲರೂ ಕೈ ಎತ್ತಿ ಬಂದರು.

ಸಭೆ ಮುಗಿಸಿ ನಮ್ಮ ಮನೆಯವರು ಪೇಡೆ ಕಟ್ಟಿಸಿಕೊಂಡು ಬಂದರು. ಅತ್ತೆಯ ಕೈಗೆ ಒಂದು ಕೊಟ್ಟು, ನನ್ನ ಮುಂದೆ ಪುಡಿಕೆ ಹಿಡಿದರು. ನಾನು ಮುಟ್ಟಲಿಲ್ಲ. ಮಗ್ಗ ಎಲ್ಲಿ ಇಡುವುದು ಎಂದು ಕೇಳಿದೆ. ಅದಕ್ಕೂ ವ್ಯವಸ್ಥೆ ಇದೆ, ಚಿಮ್ಮಡ ರಸ್ತೆಗೆ ಎಲ್ಲರ ಮಗ್ಗಗಳನ್ನೂ ಸೇರಿಸಿ ಒಂದು ದೊಡ್ಡ ಶೆಡ್ಡು ಕಟ್ಟುತ್ತಾರೆ ಎಂದರು. ನಾನು ಚಿಮ್ಮಡ ರಸ್ತೆಗೆ ಹೋದರೆ ರೊಟ್ಟಿ ಯಾರು ಬಡಿಯಬೇಕು, ಅತ್ತೆ ಕಂಡಿಕೆಯನ್ನು ಎಲ್ಲಿ ಕುಳಿತು ಸುತ್ತಬೇಕು ಎಂದೆ.

“ನೀ ಯಾಕ ಹೋಗ್ತಿ? ಆಳು ಹಚ್ಚೂಣು. ನೀ ಆರಾಮ ಮನ್ಯಾಗ ಇರ. ಇಷ್ಟ ವರ್ಷ ದುಡದದ್ದು ಸಾಕು,” ಎಂದರು.

ಪ್ರೀತಿಯಿಂದಲೇ ಹೇಳಿದರು. ಅದೇ ನನಗೆ ಮೈ ಉರಿಸಿತು. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಆರಾಮ ಇರು ಎನ್ನುವವರಿಗೆ ಏನು ಉತ್ತರ ಕೊಡುವುದು? ಶೆಡ್ಡಿಗೆ ಹೋದ ಮಗ್ಗ ನನ್ನದಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೊದಲು ಆಳು ಬರುತ್ತಾನೆ, ಆಮೇಲೆ ಆಳಿನ ಲೆಕ್ಕ ನೋಡಲು ಇವರು ಹೋಗುತ್ತಾರೆ, ಕಡೆಗೆ ಸಾಹುಕಾರ ಇಬ್ಬರ ತಲೆನೋವೂ ತಪ್ಪಿಸುತ್ತೇನೆಂದು ಮಗ್ಗವನ್ನೇ ಕೇಳುತ್ತಾನೆ. ನಾನು ಮೂರನೆಯ ಅಂತಸ್ತಿನ ಕಿಡಕಿಯಲ್ಲಿ ನಿಂತು ಇವರು ಯಾವಾಗ ಬರುತ್ತಾರೆಂದು ದಾರಿ ನೋಡುತ್ತಿರುತ್ತೇನೆ. ಸಿಟ್ಟು ಬಂದಿತ್ತು ನಿಜ, ಆದರೆ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಪೇಡೆಯನ್ನು ಕಡೆಗೆ ಮಗಳು ತಿಂದಳು.

ಮರುದಿನದಿಂದ ನಾನು ಮಗ್ಗ ನಿಲ್ಲಿಸಿ ಮನೆಮನೆ ತಿರುಗಿದೆ. ಹೆಂಗಸರೆಲ್ಲ ನನ್ನ ಕಡೆಗೇ ಇರುತ್ತಾರೆ ಎಂದುಕೊಂಡಿದ್ದೆ, ಹುಚ್ಚಿ ನಾನು. ಒಬ್ಬಳಿಗೆ ಲಿಫ್ಟು ಬೇಕಿತ್ತು, ಮೊಣಕಾಲು ನೋವಿನ ಅತ್ತೆಯನ್ನು ಹೊತ್ತು ಸಾಕಾಗಿತ್ತು. ಒಬ್ಬಳಿಗೆ ಸೋರದ ಒಂದು ಅಡಿಗೆ ಮನೆ ಬೇಕಿತ್ತು, ಬೇರೆ ಏನೂ ಬೇಡ ಎಂದಳು. ಮಗ್ಗದ ಸದ್ದಿಗೆ ಮಗಳಿಗೆ ಬಂದ ವರ ವಾಪಸು ಹೋದ ಕಥೆ ಇನ್ನೊಬ್ಬಳದು. ಯಾರ ಮಾತೂ ಸುಳ್ಳಲ್ಲ. ಕಡೆಗೆ ಪಕ್ಕದ ಮನೆಯ ಸೊಸೆಯ ಹತ್ತಿರ ಹೋದೆ. ಅವರ ಮನೆಗೆ ನಾನು ಹೋಗುತ್ತಿದ್ದುದು ಅಮಾವಾಸ್ಯೆಗೊಮ್ಮೆ, ಕೈಗೆ ಬಿಡುವಿದ್ದಾಗ. ಆಕೆ ಚಹಾ ಮಾಡಿಕೊಟ್ಟಳು, ಮಾತನ್ನೆಲ್ಲ ಕೇಳಿದಳು. ತನ್ನ ಕೂಸು ಈ ಸೂರಿನ ಕೆಳಗೆ ಮಲಗುವುದು ತನಗೆ ಬೇಡ, ಸಹಿ ಮಾಡುತ್ತೇನೆ ಎಂದು ತಣ್ಣಗೆ ಹೇಳಿದಳು. ನಾನು ಮುಖ ಗಂಟಿಕ್ಕಿಕೊಂಡು ಎದ್ದು ಬಂದೆ.

ಮುಂದಿನ ಅಮಾವಾಸ್ಯೆಗೆ ಬಿಲ್ಡರ್‌ನ ಇಂಜಿನಿಯರ್ ಮನೆಗಳ ಅಳತೆಗೆ ಬಂದ. ನಮ್ಮ ಹಿಂದಿನ ಕೋಣೆಗೂ ಬಂದು ಟೇಪು ಹಿಡಿದ. ನಾನು ಕೊಟ್ಟ ಚಹಾದ ಕಪ್ಪನ್ನು ಮಗ್ಗದ ಮೇಲೆಯೇ ಇಟ್ಟು, ಇಲ್ಲಿ ಮಂಚ ಹಾಕಿದರೆ ಇನ್ನೂ ಜಾಗ ಉಳಿಯುತ್ತದೆ ಎಂದು ಮಗಳಿಗೆ ತಿಳಿಸಿ ಹೇಳಿದ. ಮಗ್ಗದ ಮೇಲೆ ಕಪ್ಪು ಇಡುವುದೇ! ನಾನು ಕಪ್ಪನ್ನು ಎತ್ತಿಕೊಂಡೆ. ಆಗ ನನಗೆ ಫಕ್ಕನೆ ಹೊಳೆಯಿತು. ಈ ಮಂದಿ ನಮ್ಮ ಮಗ್ಗ ಓಡುವುದನ್ನು ನೋಡಿಯೇ ಇಲ್ಲ. ಬಿಲ್ಡರ್ ಬಂದದ್ದು ಅಮಾವಾಸ್ಯೆಗೆ, ಚಿತ್ರ ತೂಗುಹಾಕಿದ್ದು ಅಮಾವಾಸ್ಯೆಗೆ, ಅಳತೆ ಅಮಾವಾಸ್ಯೆಗೆ. ಕರೆದವರು ನಾವೇ. ಬಂದವರಿಗೆ ತೊಂದರೆಯಾಗಬಾರದು, ನಾಲ್ಕು ಮಾತು ಕೇಳಿಸಬೇಕು ಎಂದು ವರ್ಷದಲ್ಲಿ ಮಗ್ಗಗಳು ಬಾಯಿ ಮುಚ್ಚುವ ದಿನಗಳನ್ನೇ ಆರಿಸಿ ಆರಿಸಿ ನಮ್ಮ ಓಣಿಯನ್ನು ಅವರಿಗೆ ತೋರಿಸಿದ್ದೆವು. ಅವರ ಲೆಕ್ಕದಲ್ಲಿ ಮಗ್ಗ ಎಂದರೆ ಮೂಲೆಯಲ್ಲಿ ಸುಮ್ಮನೆ ನಿಂತಿರುವ ಒಂದು ಕಬ್ಬಿಣದ ಸಾಮಾನು, ಲಾರಿಗೆ ಹೇರಿ ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಅವತ್ತೇ ನಮ್ಮ ಮನೆಯವರಿಗೆ ಹೇಳಿದೆ: ಕಡೆಯ ಸಭೆ, ಸಹಿ ಮಾಡುವ ಸಭೆ, ಮಗ್ಗ ನಡೆಯುವ ದಿನವೇ ಆಗಬೇಕು. ಅವರು ನನ್ನ ಮುಖವನ್ನೇ ನೋಡಿದರು. ಜ್ವರ ಬಂದಿದೆಯೋ ಎಂದು ನೋಡಿರಬೇಕು.

“ಅಮಾಸಿ ಬಿಟ್ಟು ಸಭಾ ಕರದ್ರ ಯಾರಿಗೆ ಏನ್ ಕೇಳಸತೈತಲೇ?”

“ಕೇಳಸೂದು ಬ್ಯಾಡ್ರಿ. ಕೇಳಿ ಕೇಳೇ ಹಿಂಗಾಗೇತಿ. ಈಗ ನೋಡ್ಲಿ.”

ಆಗುವುದಿಲ್ಲ ಎಂದರು. ಸಂಘದ ಮರ್ಯಾದೆ ಎಂದರು, ಅಧ್ಯಕ್ಷನ ಹೆಂಡತಿಯೇ ಹೀಗೆ ಮಾಡಿದರೆ ಎಂದರು. ಸರಿ ಬಿಡಿ, ಹಾಗಾದರೆ ನಾನು ಸಹಿ ಮಾಡುವುದಿಲ್ಲ ಎಂದೆ. ಎಲ್ಲ ಮನೆಗಳ ಒಡತಿಯರೂ ಸಹಿ ಮಾಡದ ಹೊರತು ಬಿಲ್ಡರ್ ಒಂದು ಇಟ್ಟಿಗೆಯನ್ನೂ ಕೀಳುವ ಹಾಗಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಎರಡು ದಿನ ನಮ್ಮ ಮನೆಯಲ್ಲಿ ಮಗ್ಗ ಬಿಟ್ಟು ಯಾರೂ ಮಾತಾಡಲಿಲ್ಲ. ಮೂರನೆಯ ದಿನ ಅತ್ತೆ, ಕಂಡಿಕೆ ಸುತ್ತುತ್ತಲೇ, ಮನೆ ಆಕೆಯದು, ಸಹಿ ಆಕೆಯದು, ದಿನವೂ ಆಕೆಯದೇ ಇರಲಿ ಬಿಡೋ ಎಂದು ಮಗನಿಗೆ ಹೇಳಿದರು. ಅತ್ತೆ ನನ್ನ ಪರವಾಗಿ ಆಡಿದ ಮಾತು ನನಗೆ ನೆನಪಿರುವ ಮಟ್ಟಿಗೆ ಅದೊಂದೇ. ಓಣಿಯ ಹೆಂಗಸರೂ ಹೂಂ ಅಂದರು. ನನ್ನ ಮೇಲಿನ ಅಭಿಮಾನಕ್ಕಲ್ಲ, ಚಹಾ ಕಳಿಸುವುದು ಬಿಟ್ಟು ತಾವೇ ಹೋಗಿ ಕುರ್ಚಿಯ ಮೇಲೆ ಕೂಡುವ ಆಸೆಗೆ.

ಒಂದು ಮಂಗಳವಾರ, ಹನ್ನೊಂದರ ಹೊತ್ತಿಗೆ, ಓಣಿಯ ನಡುವೆ ಶಾಮಿಯಾನ ಹಾಕಿ ಸಭೆ ಕೂಡಿತು. ಪ್ರತಿ ಮನೆಯಲ್ಲೂ ಯಾರನ್ನಾದರೂ ಮಗ್ಗದ ಮುಂದೆ ಬಿಟ್ಟು ಬರಬೇಕೆಂದು ನಾನು ಮೊದಲೇ ಹೇಳಿದ್ದೆ. ನನ್ನ ಮಗ್ಗಗಳ ಮುಂದೆ ಕಾಲೇಜಿಗೆ ಹೋಗುವ ಮಗಳು ನಿಂತಿದ್ದಳು. ಬಿಲ್ಡರ್ ಕಾರು ಇಳಿದವನು ಬಾಗಿಲು ಹಿಡಿದುಕೊಂಡೇ ನಿಂತ. ಆಮೇಲೆ ಮೈಕು ಹಿಡಿದು ಮಾತಾಡಿದ. ತುಟಿ ಅಲುಗಿದ್ದು ಕಂಡಿತು. ನಮ್ಮವರು ಎಂದಿನ ಹಾಗೆ ಆ ತುದಿಯಿಂದ ಈ ತುದಿಗೆ ಕೈಯಲ್ಲಿ ಬಾಯಲ್ಲಿ ಮಾತಾಡಿಕೊಂಡು ನಗುತ್ತಿದ್ದರು, ಇವನು ಒಮ್ಮೆ ಅತ್ತ ನೋಡುತ್ತಾನೆ, ಒಮ್ಮೆ ಇತ್ತ. ಪಾಪ ಅನಿಸಿತು. ನಮ್ಮ ಮನೆಯವರಿಗೂ ಅನಿಸಿರಬೇಕು. ಅವರೇ ಎದ್ದು ಬಂದು ಅವನ ಕೈ ಹಿಡಿದು ನಮ್ಮ ಮನೆಯೊಳಗೆ ಕರೆದುಕೊಂಡು ಹೋದರು. ಹಿಂದಿನ ಕೋಣೆಯಲ್ಲಿ ಅವನ ಅಂಗೈಯನ್ನು ಹಿಡಿದು ಗೋಡೆಯ ಮೇಲೆ ಇಟ್ಟರು. ಅವನು ಚಟ್ಟನೆ ಕೈ ಹಿಂದೆ ತೆಗೆದುಕೊಂಡ, ಮತ್ತೆ ತಾನಾಗಿಯೇ ಇಟ್ಟ. ಈ ನಡುಕ ಮೂರು ಅಂತಸ್ತಿನ ಬುಡಕ್ಕೆ ಏನು ಮಾಡುತ್ತದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದೆ. ಗೆದ್ದೆ ಎಂದುಕೊಂಡೆ.

ಅಲ್ಲಿಂದ ಅವನು ಪಕ್ಕದ ಮನೆ ನೋಡಬೇಕು ಎಂದು ಕೈ ಮಾಡಿದ. ಎಲ್ಲರ ಹಿಂದೆ ನಾನೂ ಹೋದೆ.

ಒಳಗೆ ಆ ಸೊಸೆ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಡಿಗೆ ಮಾಡುತ್ತಿದ್ದಳು. ನಮ್ಮ ಗೋಡೆಗೆ ಹತ್ತಿದ ಹಲಗೆಯ ಮೇಲೆ ಸ್ಟೀಲಿನ ಡಬ್ಬಿ, ಲೋಟಗಳ ಸಾಲು ಇತ್ತು. ನಾನು ನೋಡುತ್ತಿದ್ದ ಹಾಗೆಯೇ ಆ ಲೋಟಗಳು ತಾವಾಗಿಯೇ ಗಡಗಡ ನಡುಗುತ್ತ ಸರಿದು ಹಲಗೆಯ ಅಂಚಿಗೆ ಬಂದವು. ಆಕೆ ಅವುಗಳ ಕಡೆ ನೋಡಲೂ ಇಲ್ಲ. ಸಾರಿಗೆ ಉಪ್ಪು ಹಾಕುತ್ತಲೇ ಇನ್ನೊಂದು ಕೈಯ ಹಿಂಭಾಗದಿಂದ ಸಾಲನ್ನೆಲ್ಲ ಗೋಡೆಗೆ ದಬ್ಬಿದಳು. ಸ್ವಲ್ಪ ಹೊತ್ತಿಗೆ ಲೋಟಗಳು ಮತ್ತೆ ಅಂಚಿಗೆ ಬಂದವು, ಆಕೆ ಮತ್ತೆ ದಬ್ಬಿದಳು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ದಿನವಿಡೀ ಹಾಗೆ ದಬ್ಬುತ್ತಲೇ ಇದ್ದಾಳೆ ಎಂದು ಆ ಕೈ ನೋಡಿದರೆ ತಿಳಿಯುತ್ತಿತ್ತು. ಮೇಲೆ ಸ್ಲ್ಯಾಬಿನಿಂದ ಸಣ್ಣ ಸುಣ್ಣದ ಪುಡಿ ಉದುರುತ್ತಿತ್ತು. ಆಕೆ ಸಾರಿನ ಮೇಲೆ ತಟ್ಟೆ ಮುಚ್ಚಿದಳು.

ನನ್ನ ಮಗ್ಗ ಓಡುವಾಗ ನಾನು ಆ ಮನೆಗೆ ಒಮ್ಮೆಯೂ ಬಂದಿರಲಿಲ್ಲ. ಬರುವುದು ಹೇಗೆ? ಮಗ್ಗ ಓಡುವಾಗ ನಾನು ಮಗ್ಗದ ಮುಂದೆಯೇ ಇರುತ್ತೇನೆ. ಜಮಖಂಡಿಯವನಿಗೆ ನಾನು ಏನು ತೋರಿಸಲು ಹೊರಟಿದ್ದೆನೋ ಅದು ನನಗೂ ಕಾಣದೇ ಇದ್ದ ಸಂಗತಿ. ನಾನೂ ಅಮಾವಾಸ್ಯೆಗೆ ಬಂದು ಚಹಾ ಕುಡಿದು ಹೋಗುವವಳೇ ಆಗಿದ್ದೆ.

ಹೊರಗೆ ಬಂದ ಮೇಲೆ ಬಿಲ್ಡರ್ ಎಲ್ಲ ಮಗ್ಗಗಳನ್ನೂ ನಿಲ್ಲಿಸಲು ಹೇಳಿದ. ಸದ್ದು ನಿಂತಿತು. ಅವನು ನೇರವಾಗಿ ಮಾತಾಡಿದ. ಈ ಜಾಗದಲ್ಲಿ ಒಂದು ಮಗ್ಗ ಉಳಿದರೂ ತಾನು ಮೂರು ಅಂತಸ್ತು ಕಟ್ಟುವುದಿಲ್ಲ. ಮಗ್ಗಗಳೆಲ್ಲ ಹೋಗುವುದಾದರೆ ನಾಳೆಯೇ ಕೆಲಸ ಶುರು. ನೀವು ಮಾತಾಡಿಕೊಳ್ಳಿ ಎಂದು ಕಾರಿನ ಹತ್ತಿರ ಹೋಗಿ ನಿಂತ. ಆಗ ಶುರುವಾಯಿತು ನೋಡಿ ನನ್ನ ಪೂಜೆ. ಮಗ್ಗ ಬಿಡಲು ನಾನು ಒಪ್ಪುವುದಿಲ್ಲ, ನನ್ನ ಸಹಿ ಇಲ್ಲದೆ ಕೆಲಸವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದ್ದಳು ಎಂದರು. ಅಧ್ಯಕ್ಷರಿಗೆ ಮನೆಯಲ್ಲೇ ಮಾತು ನಡೆಯುವುದಿಲ್ಲ, ಊರಿನ ಕಾರಭಾರ ಬೇರೆ ಎಂದು ಒಬ್ಬರು ನಮ್ಮ ಮನೆಯವರನ್ನು ಚುಚ್ಚಿದರು. ಅವರು ತಲೆ ತಗ್ಗಿಸಿ ಕುಳಿತಿದ್ದರು. ನನ್ನ ಕಣ್ಣ ಮುಂದೆ ಇನ್ನೂ ಆ ಲೋಟಗಳೇ ಇದ್ದವು.

ಅಷ್ಟರಲ್ಲಿ ಆ ಸೊಸೆ ಕೂಸನ್ನು ಅವತ್ತು ಸೂಟಿ ಹಾಕಿದ್ದ ಗಂಡನ ಕೈಗೆ ಕೊಟ್ಟು ಎದ್ದು ನಿಂತಳು. ಓಣಿಯಲ್ಲಿ ಆಕೆ ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

“ನಮ್ಮ ಸ್ಲ್ಯಾಬ್ ಬಿದ್ದದ್ದು ಚಿಗವ್ವನ ಮಗ್ಗದ ಸಲುವಾಗೇ. ಹೇಳಿದ್ರ ಜಗಳ ಆಕ್ಕೈತಿ ಅಂತ ಸುಮ್ಮನಿದ್ದೆ,” ಎಂದಳು. ನನ್ನ ಕಡೆ ನೋಡಿಯೇ ಹೇಳಿದಳು, ನನ್ನನ್ನು ಆಕೆ ಚಿಗವ್ವ ಎಂದೇ ಕರೆಯುವುದು. “ಆದ್ರ ಮಗ್ಗ ಶೆಡ್ಡಿಗೆ ಹೋಗೂದು ಬ್ಯಾಡ್ರಿ. ಮುಳಗಡಿ ಆದಾಗ ನಮ್ಮಪ್ಪಗ ಹೊಸಾ ಊರಾಗ ಛಲೋ ಮನಿ ಸಿಕ್ತು. ಎಮ್ಮಿ ಕಟ್ಟಾಕ ಮಾತ್ರ ಜಾಗಾ ಇದ್ದಿಲ್ಲ. ಎಮ್ಮಿ ಮಾರಿ ಬಂದು ಕಟ್ಟಿ ಮ್ಯಾಲೆ ಕುಂತ. ಕುಂತಾಂವ ಮತ್ತ ಏಳಲೇ ಇಲ್ರಿ.”

ಬೀಳಗಿಯ ಕಡೆ ಊರಿಗೆ ಊರೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಮಂದಿ ಎದ್ದು ಹೊಸ ಊರಿಗೆ ಹೋದದ್ದು ನಮಗೆಲ್ಲ ಗೊತ್ತಿದ್ದ ಕಥೆ. ಆಕೆಯ ಅಪ್ಪ ಅದರಲ್ಲಿ ಒಬ್ಬ ಎಂದು ಗೊತ್ತಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ಆಕೆ ಮುಗಿಸಿರಲಿಲ್ಲ. ಎರಡು ಮನೆಗೆ ಒಂದೇ ಗೋಡೆ ಯಾಕೆ ಎಂದು ಕೇಳಿದಳು. ಗೋಡೆ ಬೇರೆ ಬೇರೆ ಮಾಡಿ, ನಡುವೆ ಸಂದು ಬಿಡಿ, ಮಗ್ಗಕ್ಕೆ ಮನೆಯ ಪಾಯಕ್ಕೆ ತಾಗದ ಹಾಗೆ ಅದರದೇ ಪಾಯ ಹಾಕಿ, ನನ್ನ ಕೂಸು ಬದುಕಬೇಕು, ಇವರ ಮಗ್ಗವೂ ಇರಬೇಕು ಎಂದಳು. ಹೇಳಿ, ಕೂಸನ್ನು ಇಸಿದುಕೊಂಡು ಕುಳಿತಳು. ಇಂಜಿನಿಯರ್ ಗದ್ದ ಕೆರೆದುಕೊಂಡು, ಹಾಗೆ ಕಟ್ಟಬಹುದು, ಆದರೆ ಮೇಲೆ ಅಂತಸ್ತು ಏರಿಸುವ ಆಸೆ ಬಿಡಬೇಕು ಎಂದ. ಬಿಲ್ಡರ್‌ಗೆ ಅದರಲ್ಲಿ ಲಾಭ ಕಾಣಲಿಲ್ಲ. ಮನಸ್ಸು ಬದಲಾದರೆ ಹೇಳಿ ಎಂದು ನಮ್ಮ ಮನೆಯವರ ಕೈ ಕುಲುಕಿ ಹೊರಟುಹೋದ, ಬಣ್ಣದ ಚಿತ್ರವನ್ನು ಮಾತ್ರ ಒಯ್ಯಲಿಲ್ಲ.

ಉಳಿದದ್ದು ಒಂದೇ ದಾರಿ. ಜೋಡಿ ಜೋಡಿ ಮನೆಗಳನ್ನು ಕೆಡವುತ್ತ ನಾವೇ ಕಟ್ಟಿಕೊಳ್ಳುವುದು. ಎಲ್ಲರೂ ಒಪ್ಪಿದರು, ಯಾವ ಜೋಡಿ ಮೊದಲು ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ಮನೆ ಕೆಡವಿದರೆ ಮಗ್ಗ ನಿಲ್ಲುತ್ತದೆ, ನಿಂತ ಮಗ್ಗಕ್ಕೆ ಸಾಹುಕಾರ ನೂಲು ಕೊಡುವುದಿಲ್ಲ, ಅವನು ಬೇರೆಯವರನ್ನು ನೋಡಿಕೊಳ್ಳುತ್ತಾನೆ. ಇಷ್ಟು ಮಾಡಿ ಬೇರೆ ಪಾಯದ ಮೇಲೂ ಗೋಡೆ ನಡುಗಿದರೆ? ಹಾಗೇನಾದರೂ ಆದರೆ ಮರುಮಾತಿಲ್ಲದೆ ಎಲ್ಲರೂ ಜಮಖಂಡಿಯವನಿಗೇ ಸಹಿ ಮಾಡೋಣ ಎಂದು ಒಬ್ಬರು ಹೇಳಿದರು, ಅದೂ ಠರಾವು ಆಯಿತು. ಇನ್ನು ಮೊದಲ ಜೋಡಿಯ ಮಾತು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ನಮ್ಮ ಮನೆಯವರು ಇಷ್ಟು ಹೊತ್ತಿಗೆ ತಲೆ ಎತ್ತಿದರು.

“ಮನಿ ಆಕೀದು, ಮಗ್ಗ ಆಕೀವು. ಆಕಿನ್ನ ಕೇಳ್ರಿ,” ಎಂದರು.

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನುಷ್ಯ ಆಡಿದ ಅತಿ ಒಳ್ಳೆಯ ಮಾತು ಅದು. ನಾನು ಎದ್ದು ನಿಂತು, ನಮ್ಮದು ಮತ್ತು ಈಕೆಯದು ಮೊದಲು ಎಂದೆ.

ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಾಲ ಸೋಲದ ಮಾತು ಇಲ್ಲಿ ಬೇಡ, ಅದನ್ನು ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ಮಗ್ಗಗಳನ್ನು ಬಿಚ್ಚಿ, ಎಣ್ಣೆ ಸವರಿ, ತಾಡಪತ್ರಿ ಸುತ್ತಿ ಸಮುದಾಯ ಭವನದ ಮೂಲೆಗೆ ಸೇರಿಸಿದೆವು. ನಾವು ರಬಕವಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ನಾನು ಅಲ್ಲೇ ಒಂದು ಕಾರಖಾನೆಯಲ್ಲಿ ಮಂದಿಯ ಮಗ್ಗಗಳ ಮೇಲೆ ನೇಯಲು ಹೋದೆ. ಬೇರೆಯವರ ಮಗ್ಗ, ಬೇರೆಯವರು ಹೇಳಿದ ಹೊತ್ತು. ನೀರು ಕುಡಿಯಲು ಎದ್ದರೂ ಒಬ್ಬ ತಿರುಗಿ ನೋಡುತ್ತಿದ್ದ. ಅಲ್ಲಿ ನಿಂತಾಗಲೆಲ್ಲ, ನೋಡು, ಶೆಡ್ಡು ಎಂದರೆ ಇದೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಹಲ್ಲು ಕಚ್ಚಿ ನೇಯುತ್ತಿದ್ದೆ. ಸಂಜೆ ಬನಹಟ್ಟಿಗೆ ಬಂದು ಹೊಸ ಗೋಡೆಗಳಿಗೆ ನೀರು ಹೊಡೆಯುವುದು. ಆಕೆಯ ಗೋಡೆಗೆ ಆಕೆ, ನನ್ನ ಗೋಡೆಗೆ ನಾನು. ನಡುವೆ ಒಂದು ಗೇಣಿನ ಸಂದು ಇತ್ತು. ಆ ಸಂದಿನಲ್ಲಿ ಗಾರೆ ಬಿದ್ದು ಎರಡು ಗೋಡೆ ಎಲ್ಲಿಯಾದರೂ ಒಂದಕ್ಕೊಂದು ಅಂಟಿದರೆ ಮಾಡಿದ್ದೆಲ್ಲ ಹಾಳು ಎಂದು ಗೌಂಡಿಯವರ ತಲೆ ತಿಂದಿದ್ದೇನೆ. ನನ್ನನ್ನು ಕಂಡರೆ ಅವರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಓಣಿಯವರು ಬಂದು ನೋಡಿ ಹೋಗುತ್ತಿದ್ದರು. ನೆಲ ಒಂದೇ ಅಲ್ಲವೇ, ಸಂದು ಬಿಟ್ಟರೆ ನಡುಕ ನಿಲ್ಲುತ್ತದೆಯೇ ಎಂದು ಕೇಳುವವರೂ ಇದ್ದರು. ನನಗೂ ಗೊತ್ತಿರಲಿಲ್ಲ. ನಿಲ್ಲುತ್ತದೆ ಎಂದೇ ಹೇಳುತ್ತಿದ್ದೆ.

ಮನೆ ಎದ್ದಿತು. ಮಗ್ಗಗಳನ್ನು ಅವುಗಳದೇ ಪಾಯದ ಮೇಲೆ ಕೂರಿಸಿ, ಹಾಸಿನ ನೂಲು ಸುತ್ತಿದ ಬೀಮು ಏರಿಸಿದೆವು. ಚಾಲೂ ಮಾಡುವ ದಿನ ಸಂಘದವರೆಲ್ಲ ಬಂದರು. ಊದಿನಕಡ್ಡಿ, ಕಾಯಿ ಎಲ್ಲ ಆಯಿತು. ಅರ್ಧ ಮಂದಿ ನನ್ನ ಮನೆಯಲ್ಲಿ, ಅರ್ಧ ಮಂದಿ ಪಕ್ಕದ ಮನೆಯಲ್ಲಿ. ಒಬ್ಬರು ಅಲ್ಲಿ ಪರಾತದ ತುಂಬ ನೀರು ಇಟ್ಟು, ತುಳುಕುತ್ತದೋ ಇಲ್ಲವೋ ನೋಡಲು ಮುಂದೆಯೇ ಕುಳಿತಿದ್ದರು. ನಾನು ಒಮ್ಮೆ ನೋಡಿ ಬರೋಣ ಎಂದು ಹೋದೆ. ಆ ಸೊಸೆ ಪರಾತವನ್ನು ಬದಿಗೆ ಸರಿಸಿ, ಗೋಡೆಯ ಬುಡಕ್ಕೆ ಕೌದಿ ಹಾಸಿ, ನಿದ್ದೆ ಬಂದ ಮಗುವನ್ನು ಅದರ ಮೇಲೆ ಮಲಗಿಸುತ್ತಿದ್ದಳು.

“ಯವ್ವಾ, ಕೂಸಿನ್ನ ಎತ್ಕೋ. ಮೊದಲ ನೋಡೂಣು,” ಎಂದೆ.

“ಯಾಕ್ರಿ ಚಿಗವ್ವಾ, ನೀವು ಕಟ್ಟಿದ ಗ್ವಾಡಿ ಮ್ಯಾಲೆ ನಿಮಗ ನಂಬಿಕಿ ಇಲ್ಲೇನು?”

ತಿರುಗಿ ನನ್ನ ಮನೆಗೆ ಬಂದೆ. ಕೋಣೆಯಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಹಿಡಿಕೆ ಹಿಡಿದೆ. ಬೇಡ ಎಂದರೆ ಈಗಲೇ ಬೇಡ ಅನ್ನಬೇಕು. ಎಳೆದೆ. ಒಂದು ಮಗ್ಗ ಹೊಡೆಯಿತು, ಎರಡನೆಯದನ್ನೂ ಎಳೆದೆ. ಕೋಣೆ ತುಂಬ ಖಟಖಟ. ಪಕ್ಕದಲ್ಲಿ ಯಾರಾದರೂ ಕೂಗಿದರೂ ನನಗೆ ಕೇಳುವ ಹಾಗಿರಲಿಲ್ಲ. ಕಣ್ಣನ್ನು ಅಂಚಿನ ಮೇಲೆ ಇಟ್ಟುಕೊಂಡು ನೇಯ್ದೆ. ಲಾಳಿಯಲ್ಲಿ ನೂಲು ಮುಗಿಯುವ ತನಕ ನಿಲ್ಲಿಸಬಾರದು ಎಂದುಕೊಂಡಿದ್ದೆ. ಅಷ್ಟು ದಮ್ಮು ನನಗೆ ಇರಲಿಲ್ಲ. ನಡುವೆಯೇ ಎರಡನ್ನೂ ನಿಲ್ಲಿಸಿ, ಮಂದಿಯನ್ನು ಸರಿಸಿಕೊಂಡು ಪಕ್ಕದ ಮನೆಗೆ ಓಡಿದೆ.

ಪರಾತದ ಸುತ್ತಲಿನ ನೆಲ ಒಣಗಿಯೇ ಇತ್ತು, ಅದರ ಮುಂದಿನವರು ಆಗಲೇ ಎದ್ದು ಚಹಾ ಕುಡಿಯುತ್ತಿದ್ದರು. ಮಗು ಗೋಡೆಗೆ ಬೆನ್ನು ಹಚ್ಚಿ ಮಲಗಿತ್ತು. ಆಕೆ ಅದರ ಪಕ್ಕದಲ್ಲೇ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಉಸಿರು ಬಿಡುತ್ತ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು.

“ಯಾಕ ನಿಲ್ಲಿಸಿದ್ರಿ?” ಎಂದಳು.